ಹತ್ತು ಬಳೆ, ಆರು ಎದೆಬಡಿತ

ಹತ್ತು ಮಂದಿ ಬಸುರಿಯರನ್ನು ಒಬ್ಬರಿಗೊಬ್ಬರು ಅಳತೆಗೋಲು ಮಾಡಿದರೆ ಹೇಗೆ? ಈ ಯೋಚನೆ ಮೊದಲು ಹುಟ್ಟಿದ್ದು ವರ್ಷದ ಆರು ತಿಂಗಳು ಹಿಮ ಬೀಳುವ ಒಂದು ದೇಶದಲ್ಲಿ. ಪುಸ್ತಕದ ಸರಾಸರಿಗೆ ಯಾವ ಹೆಂಗಸಿನ ಮೈಯೂ ಸರಿಹೊಂದುವುದಿಲ್ಲ. ಆದರೆ ಒಂದೇ ಊರಲ್ಲಿದ್ದು, ಒಂದೇ ನೀರು ಕುಡಿದು, ಒಂದೇ ಹವೆಯಲ್ಲಿ ಓಡಾಡುವ, ಒಂದೇ ತಿಂಗಳು ತುಂಬಿದ ಹತ್ತು ಮಂದಿಯಲ್ಲಿ ಒಬ್ಬಳ ಮೈ ದಾರಿ ಬಿಟ್ಟರೆ, ಉಳಿದ ಒಂಬತ್ತು ಮಂದಿಯ ಪಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಅದಕ್ಕಾಗಿ ಆ ದೇಶದವರು ಮಣಿಕಟ್ಟಿಗೆ ಹಾಕುವ ಒಂದು ಪಟ್ಟಿ ಕಂಡುಹಿಡಿದರು. ಚರ್ಮದೊಳಗೆ ಸಣ್ಣ ಬೆಳಕು ಹಾಯಿಸಿ ರಕ್ತದ ಒತ್ತಡ, ನಾಡಿ ಅಳೆದು ಗಂಟೆಗೊಮ್ಮೆ ಕೇಂದ್ರಕ್ಕೆ ಕಳಿಸುವ ಪಟ್ಟಿ ಅದು. ಹದಿನೈದು ದಿನಕ್ಕೊಮ್ಮೆ ಹತ್ತೂ ಮಂದಿ ದುಂಡಗೆ ಕೂತು ತಮ್ಮ ಸುಖದುಃಖ ಆಡಿಕೊಳ್ಳಬೇಕು. ನರ್ಸು ಕುರ್ಚಿ ಬಿಟ್ಟು ಅವರೊಳಗೆ ಒಬ್ಬಳಾಗಿ ಕೂರಬೇಕು. ಇಂಥ ಹತ್ತು ಮಂದಿಗೆ ಒಂದು ವರ್ತುಲ ಎಂದು ಹೆಸರು. ಅಲ್ಲಿ ಹೆರಿಗೆಯಲ್ಲಿ ತಾಯಿ ಸಾಯುವುದು ಎಂದರೆ ಏನೆಂದೇ ಜನ ಮರೆತುಬಿಟ್ಟರಂತೆ.

ಅದನ್ನು ನಮ್ಮ ಸರ್ಕಾರ ತಂದಿತು. ನಮ್ಮ ಜನ ಅದಕ್ಕೆ ಸರ್ಕಾರಿ ಬಳೆ ಎಂದು ಹೆಸರಿಟ್ಟರು. ಹೆಂಗಸಿನ ಕೈಗೆ ಹಾಕುವ ವಸ್ತುವಿಗೆ ಬೇರೆ ಹೆಸರು ಹುಡುಕುವಷ್ಟು ಪುರುಸೊತ್ತು ಯಾರಿಗಿದೆ?

ಜಿಲ್ಲಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಕೂತು ಆ ದೇಶದ ಲೆಕ್ಕವನ್ನು ಈ ಮಣ್ಣಿಗೆ ಹೊಂದಿಸುವುದು ಇಂಚರಾಳ ಕೆಲಸ. ಪರದೇಶದ ಅಂಗಿಯನ್ನು ನಮ್ಮ ಮೈಗೆ ಬಿಚ್ಚಿ ಹೊಲಿಯುವ ದರ್ಜಿ ತಾನು ಎಂದು ಅವಳೇ ನಗಾಡುತ್ತಿದ್ದಳು. ಈಚೆಗೆ ಆ ನಗು ನಿಂತಿತ್ತು. ಅವಳಿಗೂ ಈಗ ಏಳು ತಿಂಗಳು, ಚೊಚ್ಚಲು. ಬಲಗೈಯಲ್ಲಿ ಹಳ್ಳಿಗಳ ಆಮೇಲೆ ಶುರುವಾದ ನಗರ ವರ್ತುಲದ ಬಳೆ. ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಸೊಂಟ ಹಿಡಿಯುತ್ತಿತ್ತು, ಎದ್ದು ನಿಂತರೆ ಕಾಲು ಸೋಲುತ್ತಿತ್ತು. ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಅವಳು ಬೆಳಿಗ್ಗೆಯಿಂದ ಓಡಾಡುತ್ತಲೇ ಇದ್ದಳು.

ಜಿಲ್ಲೆಯ ಹಳ್ಳಿಗಳಲ್ಲಿ ಶುರುವಾದದ್ದು ಇಪ್ಪತ್ತಾರು ವರ್ತುಲ. ಆರು ತಿಂಗಳವರೆಗೆ ಎಲ್ಲವೂ ಹೂವಿನಂತೆ ನಡೆದವು. ಏಳನೇ ತಿಂಗಳು ಬಿತ್ತು ನೋಡಿ, ಒಂದೊಂದೇ ಒಡೆಯತೊಡಗಿದವು. ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಚೊಚ್ಚಲ ಬಸುರಿಯರನ್ನು ತವರಿನವರು ಕರೆದುಕೊಂಡು ಹೋದರು. ನೂರು ಕಿಲೋಮೀಟರ್ ಆಚೆ ಹೋದವಳ ಬಳೆಯನ್ನು ಇಲ್ಲಿನವರ ಜೊತೆ ತೂಗುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಊರು ಬಿಡುವವರು ಬಳೆ ಕಳಚಿ ಕೊಟ್ಟು ಹೋಗಬೇಕೆಂಬ ನಿಯಮವಿತ್ತು. ಎಂಟಕ್ಕಿಂತ ಕಡಿಮೆಯಾದರೆ ವರ್ತುಲವನ್ನೇ ಮುಚ್ಚಬೇಕೆಂಬುದು ಇನ್ನೊಂದು ನಿಯಮ. ಹಿಮದ ದೇಶದ ತಜ್ಞರು ಪತ್ರ ಬರೆದು, ಹೆಂಗಸರು ಯಾಕೆ ಬಿಟ್ಟು ಹೋಗುತ್ತಿದ್ದಾರೆ, ಸೇವೆಯಲ್ಲಿ ಅತೃಪ್ತಿಯೇ ಎಂದು ಕೇಳಿದ್ದರು. ತವರುಮನೆ ಎಂದರೇನೆಂದು ಇಂಚರಾ ಎರಡು ಪುಟ ವಿವರಿಸಿದಳು. ಹಾಗಾದರೆ ಆ ಕುಟುಂಬಗಳಿಗೆ ತಿಳಿವಳಿಕೆ ಕೊಡಿ ಎಂದು ಅವರು ಒಂದು ಸಾಲು ಬರೆದರು.

ಇಪ್ಪತ್ತೈದು ಮುಚ್ಚಿದವು. ಉಳಿದದ್ದು ಬೇವಿನದಿನ್ನಿ ಎಂಬ ಊರಿನದೊಂದೇ. ಅಲ್ಲಿ ಎಂಟೂವರೆ ತಿಂಗಳಿಗೆ ಬಂದರೂ ಹತ್ತಕ್ಕೆ ಹತ್ತು ಬಳೆ ಮಿನುಗುತ್ತಿದ್ದವು. ಯೋಜನೆಯ ಮುಖ್ಯಸ್ಥರಾದ ಡಾಕ್ಟರ್ ಹೆರಕಲ್ ಅವರಿಗೆ ಅದನ್ನು ನೋಡಿದಾಗಲೆಲ್ಲ ಮುಖ ಅರಳುತ್ತಿತ್ತು. ಮುಂದಿನ ಸೋಮವಾರ ಹಿಮದ ದೇಶದ ತಂಡ ಬರಲಿತ್ತು. ಅವರನ್ನು ಬೇವಿನದಿನ್ನಿಗೆ ಕರೆದೊಯ್ಯುವುದು, ಅಲ್ಲಿನ ನರ್ಸು ಮಹಾನಂದಾ ಅವರಿಗೆ ಶಾಲು ಹೊದಿಸುವುದು, ಯೋಜನೆಯನ್ನು ಇನ್ನೂ ಐದು ವರ್ಷ ಉಳಿಸಿಕೊಳ್ಳುವುದು. ಎಲ್ಲ ನಿಶ್ಚಯವಾಗಿತ್ತು.

ಇಂಚರಾಳಿಗೆ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗಿತ್ತು. ಆ ಊರಿನ ಹೆಣ್ಣುಮಕ್ಕಳಿಗೆ ತವರೇ ಇಲ್ಲವೇ? ಚೊಚ್ಚಲು ನಾಲ್ಕು ಮಂದಿ ಇದ್ದಾರೆಂದು ಪಟ್ಟಿ ಹೇಳುತ್ತಿತ್ತು. ನಾಲ್ವರ ತಾಯಂದಿರೂ ಸುಮ್ಮನಿದ್ದಾರೆಯೇ?

ಪರದೆಯ ಮೇಲೆ ಆ ವರ್ತುಲದ ನಾಲ್ಕನೇ ಮತ್ತು ಒಂಬತ್ತನೇ ಬಳೆಯ ಮುಂದೆ ಹಳದಿ ಗುರುತಿತ್ತು: ಕಾಯಿರಿ, ಮೂರು ದಿನ. ಸೋಮವಾರ ಬಂದ ಗುರುತು, ಇವತ್ತು ಬುಧವಾರ. ಅದು ಅವಳೇ ಬರೆದ ನಿಯಮದ ಗುರುತು. ಏಪ್ರಿಲ್ಲಿನಲ್ಲಿ ಬಿಸಿಲು ನಲವತ್ತೆರಡಕ್ಕೆ ಏರಿದಾಗ ಬಳೆಗಳು ಹುಚ್ಚು ಹಿಡಿದಂತೆ ಕೂಗಿ, ಆಂಬುಲೆನ್ಸುಗಳು ಸುಮ್ಮಸುಮ್ಮನೆ ಊರೂರು ಸುತ್ತಿದ್ದವು. ಆಗ ಮೇಲಿನವರಿಂದ ಬೈಸಿಕೊಂಡು ಅವಳು ಒಂದು ಸಾಲು ಸೇರಿಸಿದ್ದಳು. ಒಬ್ಬಳ ಒತ್ತಡ ಮಾತ್ರ ಏರಿದರೆ ಕೆಂಪು ಗುರುತು, ಆಂಬುಲೆನ್ಸು. ಇಬ್ಬರು ಮೂವರದು ಒಂದೇ ಹೊತ್ತಿಗೆ ಒಂದೇ ರೀತಿ ಏರಿದರೆ ಅದು ಬಿಸಿಲಿನದೋ ಹಬ್ಬದೂಟದ ಉಪ್ಪಿನದೋ ಕಾರಣ. ಮೂರು ದಿನ ಕಾಯಿರಿ. ಹಿಮದ ದೇಶದವರು ಇದನ್ನು ಬಹಳ ಮೆಚ್ಚಿಕೊಂಡು, ಸ್ಥಳೀಯ ಹೊಂದಾಣಿಕೆಗೆ ಒಳ್ಳೆಯ ಉದಾಹರಣೆ ಎಂದಿದ್ದರು. ಸೋಮವಾರ ಈ ಹಳದಿಯನ್ನು ನೋಡಿ ಅವಳು ಮುಂದೆ ಹೋಗಿದ್ದಳು. ಬೇಸಿಗೆಯಿಡೀ ಅಂಥ ಹಳದಿ ಎಷ್ಟು ಬಂದು ಹೋಗಿರಲಿಲ್ಲ?

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅವ್ವ ಸುಲೋಚನಾ ಬಂದು ಕೂತಿದ್ದರು. ಕುಬಸದ ಹಸಿರು ಸೀರೆ, ಎರಡು ಡಬ್ಬಿ ಶೇಂಗಾ ಹೋಳಿಗೆ, ಹಸಿರು ಗಾಜಿನ ಬಳೆಯ ಪೆಟ್ಟಿಗೆ. ಅಳಿಯನನ್ನು ಆಗಲೇ ಒಲಿಸಿಕೊಂಡಾಗಿತ್ತು. ಇನ್ನು ಮಗಳೊಬ್ಬಳೇ ಬಾಕಿ.

ತಾನು ಹೋದರೆ ನಗರ ವರ್ತುಲದಲ್ಲಿ ಏಳೇ ಮಂದಿ ಉಳಿಯುತ್ತಾರೆ, ಕೆಲಸ ಮಾಡುವವಳೇ ನಿಯಮ ಮುರಿದರೆ ಹೇಗೆ ಎಂದು ಇಂಚರಾ ನಾಲ್ಕನೇ ಸಲ ವಿವರಿಸಿದಳು. ಸುಲೋಚನಾ ತಟ್ಟೆಗೆ ರೊಟ್ಟಿ ಹಾಕುತ್ತ ಹೂಂ ಎಂದರು. ಹೂಂ ಎಂದರೆ ಒಪ್ಪಿದರು ಎಂದಲ್ಲ. ತಮ್ಮ ಸರದಿ ಬರಲಿ ಎಂದು ಕಾಯುತ್ತಿದ್ದಾರೆ ಎಂದರ್ಥ. ತಮ್ಮ ತಾಯಿ ತಮ್ಮನ್ನು ಕರೆದುಕೊಂಡು ಹೋದದ್ದು, ಆ ಮೂರು ತಿಂಗಳು ಕೈಯಲ್ಲಿ ಪೊರಕೆ ಹಿಡಿಯಗೊಡದಿದ್ದದ್ದು, ಹೆರಿಗೆಯ ನೋವಿನಲ್ಲಿ ಅತ್ತೆಯ ಮುಂದೆ ಕೂಗುವುದಕ್ಕೂ ಅವ್ವನ ಮುಂದೆ ಕೂಗುವುದಕ್ಕೂ ಇರುವ ಅಂತರ, ಎಲ್ಲ ಹೇಳಿದರು. ಕಡೆಗೆ ಮಗಳ ಬಲಗೈ ಹಿಡಿದು ಆ ಬೂದು ಪಟ್ಟಿಯನ್ನು ತಿರುಗಿಸಿ ನೋಡಿದರು.

"ಒಂದ ಕೈಗೆ ಒಂದ ಬಳಿ ಯಾರ ಹಾಕ್ಕೋತಾರವಾ? ಎಡಗೈ ಬರೀದ ಐತಿ ನೋಡು. ನೀ ಹೋದ ಮ್ಯಾಲ ನಿಮ್ಮ ಗುಂಪಿನ್ಯಾಗ ಯಾರರ ಒಬ್ಬಾಕಿ ಇದನ್ನ ಇನ್ನೊಂದ ಕೈಗೆ ಹಾಕ್ಕೊಳ್ಳಲಿ. ಆಕಿಗೂ ಚಂದ, ನಿಮ್ಮ ಲೆಕ್ಕಾನೂ ತುಂಬತೈತಿ."

ಇಂಚರಾ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. ಅವ್ವ ಇನ್ನೇನೋ ಹೇಳುತ್ತಿದ್ದರು, ಕಿವಿಗೆ ಬೀಳಲಿಲ್ಲ. ಕೈ ತೊಳೆಯದೆ ಚಪ್ಪಲಿ ಮೆಟ್ಟಿದಳು. ಊಟ ಬಿಟ್ಟು ಎಲ್ಲಿಗೆ ಎಂದು ಅವ್ವ ಕೂಗಿದಾಗ ಅವಳು ಬೀದಿಯಲ್ಲಿದ್ದಳು, ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಓಡಲೂ ಆಗದೆ ನಡೆಯಲೂ ಆಗದೆ.

ಬಳೆಗಳು ಕೇಂದ್ರಕ್ಕೆ ಕಳಿಸುವುದು ಗಂಟೆಯ ಸರಾಸರಿ ಮಾತ್ರ. ಎಡಗೈಗೂ ಬಲಗೈಗೂ ಒತ್ತಡದಲ್ಲಿ ನಾಲ್ಕೈದು ಅಂಕೆ ಹೆಚ್ಚುಕಡಿಮೆ ಇರುವುದರಿಂದ ಸರಾಸರಿ ನೋಡಿದರೆ ಎರಡು ಬೇರೆ ಹೆಂಗಸರಂತೆಯೇ ಕಾಣುತ್ತದೆ. ಆದರೆ ಬಳೆಯ ಹೊಟ್ಟೆಯಲ್ಲಿ ಒಂದೊಂದು ಎದೆಬಡಿತವೂ ದಾಖಲಾಗಿರುತ್ತದೆ, ಬೇಕಾದಾಗ ತರಿಸಿಕೊಳ್ಳಬಹುದು. ಇಂಚರಾ ಬೇವಿನದಿನ್ನಿಯ ಹತ್ತೂ ಬಳೆಗಳಿಂದ ಕಳೆದ ಒಂದು ಗಂಟೆಯ ಬಡಿತ ತರಿಸಿದಳು. ಪರದೆಯ ಮೇಲೆ ಹತ್ತು ಗೆರೆ ಮೂಡಿದವು. ಎರಡನೆಯದು ಎಲ್ಲಿ ತಡವರಿಸಿತೋ ಏಳನೆಯದು ಅಲ್ಲೇ ತಡವರಿಸಿತು. ಮೂರು ಮತ್ತು ಹತ್ತು, ಐದು ಮತ್ತು ಎಂಟು ಹಾಗೆಯೇ. ಒಂದಾದ ಮೇಲೊಂದರಂತೆ ಜೋಡಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹತ್ತು ಬಳೆಗಳ ಹಿಂದೆ ಇದ್ದದ್ದು ಆರು ಎದೆ.

ನಾಲ್ಕು ಮತ್ತು ಒಂಬತ್ತು ಒಂದೇ ಎದೆ. ಅಂದರೆ ಒತ್ತಡ ಏರಿದ್ದು ಇಬ್ಬರಿಗಲ್ಲ. ಒಬ್ಬಳಿಗೆ. ಅವಳು ಎರಡೂ ಕೈಗೆ ಬಳೆ ಹಾಕಿಕೊಂಡಿದ್ದರಿಂದ ಯಂತ್ರಕ್ಕೆ ಇಬ್ಬರಂತೆ ಕಂಡಳು. ಇಬ್ಬರಂತೆ ಕಂಡದ್ದರಿಂದ ಇಂಚರಾಳ ನಿಯಮ ಅವಳನ್ನು ಬಿಸಿಲಿನ ಖಾತೆಗೆ ಹಾಕಿ ಕೂರಿಸಿತು.

ಇಂಚರಾ ಕೂಡಲೇ ಮಹಾನಂದಾ ಅವರಿಗೆ ಫೋನು ಮಾಡಿದಳು.

"ಅಕ್ಕಾರ, ನಾಕನೇ ಬಳಿ, ಒಂಬತ್ತನೇ ಬಳಿ ಯಾರ ಕೈಯಾಗ ಅದಾವ?"

"ನಾಕು ದ್ಯಾಮವ್ವಂದ್ರಿ ಮೇಡಂ. ಒಂಬತ್ತು ನಸ್ರೀನಂದು."

"ನಸ್ರೀನ್ ಊರಾಗ ಅದಾಳೇನು?"

ಮಹಾನಂದಾ ಇಪ್ಪತ್ಮೂರು ವರ್ಷ ಆ ಉಪಕೇಂದ್ರದಲ್ಲಿ ದುಡಿದವರು, ಅರ್ಧ ಊರನ್ನು ತಮ್ಮ ಕೈಯಲ್ಲೇ ಭೂಮಿಗೆ ಇಳಿಸಿಕೊಂಡವರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸಿಕ್ಕಿಬಿದ್ದರೆ ಬಾಯಿ ಬೇಗ ಬಿಡುತ್ತಾರೆ. ನಸ್ರೀನ್ ತವರಿಗೆ ಹೋಗಿ ಇಪ್ಪತ್ತು ದಿನವಾಯಿತು, ಇನ್ನೂ ಮೂವರು ಹೋಗಿದ್ದಾರೆ ಎಂದರು. ಅವರು ಕಳಚಿಟ್ಟ ಬಳೆಗಳನ್ನು ಉಳಿದವರು ತಾವಾಗಿಯೇ ಇನ್ನೊಂದು ಕೈಗೆ ಹಾಕಿಕೊಂಡರಂತೆ. ಕೈ ಜೋಡಿಯಾಯಿತು ಎಂದು ನಕ್ಕರಂತೆ. ಬೇಡ ಎನ್ನಲು ತಮಗೆ ಮನಸ್ಸಾಗಲಿಲ್ಲ ಎಂದರು.

"ಇಷ್ಟ ವರ್ಷ ತೂಕ ನೋಡು, ಗುಳಿಗಿ ಕೊಡು, ಮುಂದಿನಾಕಿ ಬಾ, ಇಷ್ಟ ಮಾಡಿದ್ನಿ ಮೇಡಂ. ಒಬ್ಬಾಕಿ ಹೆಸರೂ ನೆನಪಿರ್ತಿರಲಿಲ್ಲ. ಈ ದುಂಡಗ ಕುಂತ ಮ್ಯಾಲ ಅವ್ರು ಮಾತಾಡಾಕ ಹತ್ಯಾರ. ಗಂಡ ಹೊಡ್ಯೂದು ಹೇಳ್ತಾರ, ಹೊಟ್ಟಿಗಿಲ್ಲದ್ದು ಹೇಳ್ತಾರ. ಅದನ್ನ ಮುಚ್ಚಿ ಮತ್ತ ಸಾಲಾಗ ನಿಲ್ಲಸೂದು ನನ್ನ ಕೈಲೆ ಆಗಲಿಲ್ಲ."

ಇಂಚರಾ ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ, ಮುಖವೂ ಇರಲಿಲ್ಲ. ಹಳೆಯ ಬಿಪಿ ಯಂತ್ರ ತೆಗೆದುಕೊಂಡು ಈಗಲೇ ದ್ಯಾಮವ್ವನ ಮನೆಗೆ ಓಡಿ, ಫೋನು ಇಡಬೇಡಿ ಎಂದಳು. ಕಪಾಟಿನ ಬಾಗಿಲು ಕಿರುಗುಟ್ಟಿದ್ದು, ಚಪ್ಪಲಿಯ ಸಪ್ಪಳ, ಮಹಾನಂದಾರ ಏದುಸಿರು, ನಾಯಿ ಬೊಗಳಿದ್ದು ಕೇಳಿಸಿದವು. ಹನ್ನೊಂದು ನಿಮಿಷ. ಹೊಟ್ಟೆಯೊಳಗಿನ ಕೂಸು ಒದೆಯುತ್ತಲೇ ಇತ್ತು. ಇಂಚರಾ ಅದರ ಮೇಲೆ ಕೈಯಿಟ್ಟುಕೊಂಡು ಪರದೆಯ ಮುಂದೆ ಆ ಕಡೆಯಿಂದ ಈ ಕಡೆಗೆ ನಡೆದಳು.

ದ್ಯಾಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎರಡನೇ ಹೆರಿಗೆಯಾದ್ದರಿಂದ ತವರಿಗೆ ಹೋಗಿರಲಿಲ್ಲ. ಒತ್ತಡ ನೂರಾ ಎಪ್ಪತ್ತೆರಡಕ್ಕೆ ನೂರಾ ಹದಿನಾಲ್ಕು. ಕೇಳಿದರೆ ನಾಲ್ಕು ದಿನದಿಂದ ತಲೆಶೂಲೆ, ಇವತ್ತು ಬೆಳಿಗ್ಗೆಯಿಂದ ಕಣ್ಣಿಗೆ ಮಂಜು ಕವಿದ ಹಾಗೆ ಎಂದಳು. ಮಹಾನಂದಾ ಫಿಟ್ಸ್ ತಡೆಯುವ ಇಂಜೆಕ್ಷನ್ ಕೊಡಲು ಅಣಿಯಾದರು.

ಇಂಚರಾ ಆಂಬುಲೆನ್ಸಿಗೆ ಆದೇಶ ಕೊಟ್ಟಳು. ಯಂತ್ರ ಒಪ್ಪಲಿಲ್ಲ. ಈ ವರ್ತುಲದಲ್ಲಿ ಕೆಂಪು ಗುರುತಿಲ್ಲ, ಕಾಯಿರಿ ಎಂದಿತು. ಅವಳದೇ ನಿಯಮ ಅವಳಿಗೆ ಅಡ್ಡ ನಿಂತಿತ್ತು. ಆ ಒಂದು ಸಾಲನ್ನು ಹುಡುಕಿ ಅಳಿಸಿದಳು. ಅಳಿಸಿದ ಕ್ಷಣವೇ ನಾಲ್ಕು ಮತ್ತು ಒಂಬತ್ತು ಎರಡೂ ಕೆಂಪಾದವು, ಕೊಠಡಿಯ ಗಂಟೆ ಕಿರುಚಿತು. ಹತ್ತಿರದ ಆಂಬುಲೆನ್ಸು ಮೂವತ್ತೆಂಟು ನಿಮಿಷದ ದಾರಿಯಲ್ಲಿತ್ತು.

ಆಸ್ಪತ್ರೆಗೆ ಬರುವ ದಾರಿಯಲ್ಲಿ ದ್ಯಾಮವ್ವನಿಗೆ ಒಮ್ಮೆ ಫಿಟ್ಸ್ ಬಂತು. ಮುಟ್ಟಿದ ಕೂಡಲೇ ಆಪರೇಷನ್ ಮಾಡಿದರು. ಹೆಣ್ಣು ಕೂಸು, ಒಂದೂವರೆ ಕಿಲೋಗೂ ಕಡಿಮೆ. ಹೊಟ್ಟೆಯೊಳಗೆ ಅದಕ್ಕೆ ಸಿಗಬೇಕಾದ ರಕ್ತ ಸಿಕ್ಕಿರಲಿಲ್ಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿಗೆ ಒಂದು ದಿನ ಎಚ್ಚರವೇ ಇರಲಿಲ್ಲ.

ಗುರುವಾರ ಡಾಕ್ಟರ್ ಹೆರಕಲ್ ಇಂಚರಾಳನ್ನು ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ಹಿಂದಿನ ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು, ಕಣ್ಣು ಕೆಂಪಾಗಿದ್ದವು. ಹೀಗೆ ಯಾಕಾಯಿತೆಂದು ವರದಿ ಬರೆಯಬೇಕು ಎಂದರು. ನರ್ಸು ನಿಯಮ ಮೀರಿ ಎರಡನೇ ಬಳೆ ಹಾಕಿಕೊಳ್ಳಲು ಬಿಟ್ಟಳು ಎಂಬುದು ನಿಜ. ಮೂರು ದಿನ ಕಾಯುವ ನಿಯಮ ತಪ್ಪಾಗಿತ್ತು ಎಂಬುದೂ ನಿಜ. ಮೊದಲನೆಯದನ್ನು ಬರೆದರೆ ಒಬ್ಬ ನರ್ಸು ಹೋಗುತ್ತಾಳೆ, ಎರಡನೆಯದನ್ನು ಬರೆದರೆ ಯೋಜನೆಯೇ ಹೋಗುತ್ತದೆ.

"ಯೋಜನೆ ಹೋದ್ರ ಮತ್ತ ಆ ಹೆಣಮಕ್ಕಳ ಗತಿ ಏನವಾ? ಒಂದ ಸಲ ವಿಚಾರ ಮಾಡು," ಎಂದು ಒಂದು ಹಾಳೆ ಮುಂದಿಟ್ಟರು. ನರ್ಸು ಬಲವಂತ ಮಾಡಿ ಎರಡನೇ ಬಳೆ ತೊಡಿಸಿದಳು ಎಂಬ ಹೇಳಿಕೆ ಅದು. ಕೆಳಗೆ ದ್ಯಾಮವ್ವನ ಸಹಿಗೆ ಜಾಗ. ಮಹಾನಂದಾ ಅವರ ಅಮಾನತಿನ ಆದೇಶ ಆಗಲೇ ಹೊರಟಾಗಿತ್ತು.

ಇಂಚರಾ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದು ಉಣ್ಣಲಿಲ್ಲ. ಒಬ್ಬರು ಹೋದರೆ ನೂರು ಮಂದಿಗೆ ಒಳ್ಳೆಯದಾಗುತ್ತದೆ ಎಂಬ ಮಾತನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದಳು. ಸರಿಯಾಗಿಯೇ ಕಾಣುತ್ತಿತ್ತು. ಸರಿಯಾಗಿ ಕಂಡಷ್ಟೂ ಅವಳಿಗೆ ನಾಚಿಕೆಯಾಗುತ್ತಿತ್ತು, ಯಾಕೆಂದರೆ ಹೋಗುವ ಆ ಒಬ್ಬರು ತಾನಲ್ಲವಲ್ಲ ಎಂದು ಒಳಗೊಳಗೇ ಮನಸ್ಸು ಹಗುರಾಗಿದ್ದು ಅವಳಿಗೆ ಗೊತ್ತಾಗಿತ್ತು.

ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಹೊರಟಾಗ ಸುಲೋಚನಾ ಕೇಳದೆಯೇ ಜೊತೆಗೆ ಬಂದರು. ದ್ಯಾಮವ್ವ ದಿಂಬಿಗೆ ಒರಗಿ ಕೂತಿದ್ದಳು. ಮುಖ ಇನ್ನೂ ಬಾತುಕೊಂಡಿತ್ತು. ಕೂಸು ಬೆಳಿಗ್ಗೆ ಎರಡು ಚಮಚ ಹಾಲು ಕುಡಿಯಿತಂತೆ, ಡಾಕ್ಟರು ಇನ್ನೂ ಏನೂ ಹೇಳುತ್ತಿಲ್ಲವಂತೆ. ಸುಲೋಚನಾ ಯಾರದೋ ಮನೆಯ ಮಗಳೆಂದು ನೋಡದೆ ಗಂಜಿಯ ಬಟ್ಟಲು ತೆಗೆದುಕೊಂಡು ಉಣಿಸಲು ಕೂತರು.

ಇಂಚರಾ ಹಾಳೆ ಹೊರಗೆ ತೆಗೆದಳು. ಅದನ್ನು ಕೊಡುವ ಬದಲು, ನಾಲ್ಕು ದಿನ ತಲೆ ಸಿಡಿಯುತ್ತಿದ್ದರೂ ಮಹಾನಂದಾ ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ದ್ಯಾಮವ್ವ ಗಂಜಿ ನುಂಗಿ, ಅಪರಾಧಿಯ ಹಾಗೆ ನೋಡಿದಳು. "ಬಳಿ ಸುಮ್ಮನಿದ್ವಲ್ರಿ. ಒಂದ ಬಳಿ ತಪ್ಪಿದ್ರೂ ಇನ್ನೊಂದು ಹೇಳತೈತಿ ಅಂದ್ಕೊಂಡ್ನಿ. ಎರಡೂ ಸುಮ್ಮನ ಅದಾವಂದ್ರ ನನಗ ಏನೂ ಆಗಿಲ್ಲ, ಬರೇ ಬಿಸಲಿಂದ ಅಂತ ತಿಳಕೊಂಡ್ನಿ. ತಪ್ಪ ನಂದರಿ. ನಮ್ಮ ಅಕ್ಕಾರಿಗೆ ಏನೂ ಮಾಡಬ್ಯಾಡ್ರಿ."

ಇಂಚರಾ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು. ನಿಜ ಹೇಳದೆ ಎದ್ದು ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಬಳಿ ಸುಮ್ಮನಿರಲಿಲ್ಲ ದ್ಯಾಮವ್ವ. ಸೋಮವಾರನ ಎರಡೂ ಕೂಗಿದ್ದವು. ಸುಮ್ಮನಿರ್ರಿ ಅಂದಾಕಿ ನಾನು. ಅಕ್ಕಾರಲ್ಲ, ನೀನೂ ಅಲ್ಲ. ಇದನ್ನ ನಾ ಹಿಂಗ ಬರದ ಕೊಡ್ತೀನಿ."

ಸುಲೋಚನಾರ ಚಮಚ ಬಟ್ಟಲಲ್ಲೇ ನಿಂತಿತು. ದ್ಯಾಮವ್ವ ಬೈದಿದ್ದರೆ ಇಂಚರಾಳಿಗೆ ಸಮಾಧಾನವಾಗುತ್ತಿತ್ತು. ಆಕೆ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ತನ್ನ ಎರಡು ಬರಿಗೈಗಳನ್ನು ನೋಡಿಕೊಂಡಳು. ಆಮೇಲೆ ಏನೋ ಹೊಳೆದವಳ ಹಾಗೆ ತಲೆ ಎತ್ತಿದಳು.

"ಹಂಗಾರ ನಸ್ರೀನಗ ಯಾರ ನೋಡಾಕತ್ಯಾರ್ರಿ? ಆಕಿಗೂ ಕಾಲ ಬಾತಿದ್ದವು ಹೋಗು ಮುಂದ."

ಯಾರೂ ನೋಡುತ್ತಿರಲಿಲ್ಲ. ಬಳೆ ಕಳಚಿಕೊಟ್ಟು ಹೋದವರು ಜಿಲ್ಲೆಯಲ್ಲಿ ನೂರಾ ಹದಿನೆಂಟು ಮಂದಿ. ಯಂತ್ರದ ಪ್ರಕಾರ ಅವರೆಲ್ಲ ವರ್ತುಲ ಬಿಟ್ಟವರು. ಅವರ ಗಂಡನ ಮನೆಯ ವಿಳಾಸ, ಗಂಡನ ಫೋನು, ರಕ್ತದ ಗುಂಪು ಎಲ್ಲ ಕೇಂದ್ರದಲ್ಲಿತ್ತು. ತವರಿನ ವಿಳಾಸ ಬರೆಯಲು ಮಾತ್ರ ಜಾಗವಿರಲಿಲ್ಲ. ಹಿಮದ ದೇಶದ ಅರ್ಜಿಯಲ್ಲಿ ಅಂಥದೊಂದು ಕಾಲಮ್ಮು ಇರಲಿಲ್ಲ. ಆ ಅರ್ಜಿಯನ್ನು ಕನ್ನಡಕ್ಕೆ ಇಳಿಸಿದ ಇಂಚರಾಳಿಗೂ, ಅವ್ವ ದಿನಕ್ಕೆರಡು ಸಲ ಫೋನು ಮಾಡಿ ತವರಿಗೆ ಬಾ ಎನ್ನುತ್ತಿದ್ದರೂ, ಅದು ಹೊಳೆದಿರಲಿಲ್ಲ.

ನಸ್ರೀನ್ ಎಲ್ಲಿದ್ದಾಳೆ, ಹೇಗೆ ಹುಡುಕುವುದು ಎಂದು ಅವಳು ತನ್ನಷ್ಟಕ್ಕೆ ಗೊಣಗಿದಳು.

"ಆಕಿ ಅವ್ವನ ನಂಬರ ನನ್ನ ಕಡೆ ಐತ್ರಿ," ಎಂದು ದ್ಯಾಮವ್ವ ದಿಂಬಿನ ಕೆಳಗಿನಿಂದ ಫೋನು ತೆಗೆದಳು. "ಉಳದ ಮೂರ ಮಂದೀದೂ ಅದಾವ. ನಾವು ದಿನಾ ಮಾತಾಡ್ತೀವಿ. ಬರಕೋರಿ."

ಬರೆದುಕೊಳ್ಳಲು ಇಂಚರಾಳ ಕೈಯಲ್ಲಿ ಇದ್ದದ್ದು ಆ ಹೇಳಿಕೆಯ ಹಾಳೆಯೊಂದೇ. ಅವಳು ಅದನ್ನು ಬೋರಲು ಹಾಕಿ ಹಾಸಿಗೆಯ ಅಂಚಿನ ಮೇಲೆ ಇಟ್ಟುಕೊಂಡಳು. ದ್ಯಾಮವ್ವ ಒಂದೊಂದೇ ಅಂಕೆ ಹೇಳತೊಡಗಿದಳು, ಇಂಚರಾ ಬರೆಯತೊಡಗಿದಳು.